ಉಕ್ಕಿನ ಮೇಲಿನ ಬಳ್ಳಿ ಯಾರ ಕೈಯದು? ಹಳೇ ಅಮೆರಿಕನ್ ರಿವಾಲ್ವರ್ ಕೆತ್ತನೆಯನ್ನು ಓದುವ ಬಗೆ

2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಹಳೇ ಕೋಲ್ಟ್ ರಿವಾಲ್ವರ್ 60 ಲಕ್ಷ ಡಾಲರ್‌ಗೂ ಜಾಸ್ತಿ ಬೆಲೆಗೆ ಹರಾಜಾಯಿತು. ಅದರ ಮೇಲೆ ಒಂದು ಬಳ್ಳಿಯಿಲ್ಲ, ಹೂವಿಲ್ಲ, ಚಿನ್ನದ ಗೆರೆಯಿಲ್ಲ. ಪಕ್ಕಾ ಸಾದಾ ಗನ್. ಆದರೆ 1881ರ ಜುಲೈ 14ರ ರಾತ್ರಿ ನ್ಯೂ ಮೆಕ್ಸಿಕೋದಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ಕುಖ್ಯಾತ ಪಾತಕಿ ಬಿಲ್ಲಿ ದಿ ಕಿಡ್‌ನನ್ನು ಹೊಡೆದದ್ದು ಇದರಿಂದಲೇ. ಮರುವರ್ಷ ಮೇ ತಿಂಗಳಲ್ಲಿ ಇನ್ನೊಂದು ಹರಾಜಿನಲ್ಲಿ ಒಂದು ಜೋಡಿ ರೆಮಿಂಗ್ಟನ್ ರಿವಾಲ್ವರ್ 51 ಲಕ್ಷ ಡಾಲರ್ ದಾಟಿತು. ಇದು ಪೂರಾ ಉಲ್ಟಾ. ಮೈತುಂಬ ಕೆತ್ತನೆ, ದಂತದ ಹಿಡಿ, ಹಿಡಿಯ ಮೇಲೆ ಜನರಲ್ ಯುಲಿಸಿಸ್ ಗ್ರಾಂಟ್‌ನ ಮುಖ. ಅಂತರ್ಯುದ್ಧದ ಕಾಲದಲ್ಲಿ ಅವನಿಗೆ ಬಂದ ಉಡುಗೊರೆ ಅದು.

ಕೆತ್ತನೆ ಚೆನ್ನಾಗಿದ್ದರೆ ಬೆಲೆ ಜಾಸ್ತಿ, ಅಷ್ಟೇ ಅಲ್ವಾ ಅಂತ ಹೊರಗಿನವರಿಗೆ ಅನಿಸುತ್ತದೆ. ಹಳೇ ರಿವಾಲ್ವರ್ ಕೂಡಿಡುವವರನ್ನು ಕೇಳಿ ನೋಡಿ, ಮೊದಲು ಅನುಮಾನವನ್ನೇ ಹೇಳುತ್ತಾರೆ. ನೂರೈವತ್ತು ವರ್ಷದ ಗನ್ನಿಗೆ ಹೊಸ ನಳಿಕೆ ಮಾಡಿ ಕೂರಿಸುವುದು ಕಷ್ಟ. ಹಳೇ ನಳಿಕೆಯ ಮೇಲೆ ಹೊಸ ಬಳ್ಳಿ ಕೆತ್ತುವುದು ಅಷ್ಟು ಕಷ್ಟವಲ್ಲ. ಒಬ್ಬ ಒಳ್ಳೆಯ ಕೆಲಸಗಾರ, ನಾಲ್ಕು ಉಳಿ, ಒಂದು ಸುತ್ತಿಗೆ, ಒಂದಿಷ್ಟು ದಿನ ಸಾಕು. ಸಾದಾ ಗನ್ ಹೋಗಿ ‘ಅಪರೂಪದ್ದು’ ಆಗಿಬಿಡುತ್ತದೆ. ಹಾಗಾಗಿ ಕೆತ್ತನೆ ಚೆಂದವಿದೆಯಾ ಅನ್ನುವ ಪ್ರಶ್ನೆ ಆಮೇಲಿನದು. ಯಾರು ಕೆತ್ತಿದ್ದು, ಯಾವಾಗ ಕೆತ್ತಿದ್ದು ಅನ್ನುವುದೇ ಮೊದಲು.

ಅಚ್ಚು ಬೇರೆ, ಕೆತ್ತನೆ ಬೇರೆ

ಹೊಸಬರು ಮೊದಲು ಎಡವುವುದು ಇಲ್ಲಿ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ರಿವಾಲ್ವರ್‌ಗೆ ಅಮೆರಿಕದ ಪೇಟೆಂಟ್ ಪಡೆದ. ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಶುರು ಮಾಡಿದ ಮೊದಲ ಕಾರ್ಖಾನೆ ಮುಳುಗಿಹೋಯಿತು. 1847ರಲ್ಲಿ ವಾಕರ್ ಅನ್ನುವ ಭಾರೀ ಗಾತ್ರದ ರಿವಾಲ್ವರ್‌ಗೆ ಸೈನ್ಯದ ಆರ್ಡರ್ ಸಿಕ್ಕಿದ ಮೇಲೆ ಅವನ ಕಾಲ ತಿರುಗಿತು. ಒಟ್ಟು 1,100 ವಾಕರ್ ತಯಾರಾದವು. ಆ ವಾಕರ್‌ನಿಂದ ಹಿಡಿದು 1860ರ ಆರ್ಮಿ ಮಾದರಿಯವರೆಗೆ ಕೋಲ್ಟ್‌ನ ಹೆಚ್ಚಿನ ಗನ್ನುಗಳ ಸಿಲಿಂಡರ್ ಮೇಲೆ, ಅಂದರೆ ಗುಂಡು ತುಂಬುವ ತಿರುಗುವ ಭಾಗದ ಮೇಲೆ, ಒಂದು ಚಿತ್ರ ಇರುತ್ತದೆ. ವಾಕರ್ ಮೇಲೆ ಟೆಕ್ಸಾಸ್ ರೇಂಜರ್‌ಗಳು ಮತ್ತು ಮೂಲನಿವಾಸಿ ಕಮಾಂಚಿ ಯೋಧರ ಕಾಳಗ. 1849ರ ಪಾಕೆಟ್ ಮಾದರಿಯ ಮೇಲೆ ಕುದುರೆ ಗಾಡಿಗೆ ಅಡ್ಡಹಾಕಿದ ದರೋಡೆಕೋರರು. 1851ರ ನೇವಿ ಮೇಲೆ ಹಡಗುಗಳ ಯುದ್ಧ, ಜೊತೆಗೆ 1843ರ ಮೇ 16 ಅನ್ನುವ ತಾರೀಖು. ಅದು ಆಗ ಸ್ವತಂತ್ರ ದೇಶವಾಗಿದ್ದ ಟೆಕ್ಸಾಸ್‌ನ ನೌಕಾಪಡೆ ಕಾಂಪೆಚೆ ಹತ್ತಿರ ಮೆಕ್ಸಿಕೋದ ಹಡಗುಗಳ ಜೊತೆ ಹೋರಾಡಿದ ದಿನ. ಕಾರ್ಖಾನೆ ಮುಳುಗುವ ಮೊದಲು ಕೋಲ್ಟ್‌ನ ಗನ್ನುಗಳನ್ನು ಕೊಂಡಿದ್ದವರಲ್ಲಿ ಟೆಕ್ಸಾಸ್ ನೌಕಾಪಡೆಯೂ ಇತ್ತು. ಆ ಋಣ ಅವನು ಮರೆತಿರಲಿಲ್ಲ.

ಇದನ್ನು ನೋಡಿ ‘ಅಬ್ಬಾ, ಕೆತ್ತಿದ ಗನ್!’ ಅಂದುಕೊಂಡರೆ ಮೋಸ ಹೋದಿರಿ. ಇದು ಕೈಕೆಲಸ ಅಲ್ಲ. ವಾಟರ್‌ಮನ್ ಆರ್ಮ್ಸ್‌ಬಿ ಅನ್ನುವವನು ಉಕ್ಕಿನ ಅಚ್ಚಿನಲ್ಲಿ ಚಿತ್ರ ಕೊರೆದುಕೊಟ್ಟ. ಆ ಅಚ್ಚನ್ನು ಸಿಲಿಂಡರ್ ಮೇಲೆ ಒತ್ತಿ ಉರುಳಿಸುತ್ತಿದ್ದರು. ಸಾವಿರಾರು ಗನ್ನುಗಳ ಮೇಲೆ ಅದೇ ಚಿತ್ರ. ಆರ್ಮ್ಸ್‌ಬಿಯ ಮೂಲ ಕಸುಬು ಬ್ಯಾಂಕ್ ನೋಟಿನ ಕೆತ್ತನೆ. ನೋಟಿನ ಸಣ್ಣ ಗೆರೆಗಳನ್ನು ಕಳ್ಳನೋಟಿನವರು ನಕಲು ಮಾಡುವುದು ಹೇಗೆ ಕಷ್ಟವೋ, ಈ ಚಿತ್ರವನ್ನೂ ಕಳ್ಳಮಾಲು ತಯಾರಿಸುವವರು ನಕಲು ಮಾಡಲು ತಿಣುಕಲಿ ಅನ್ನುವುದು ಲೆಕ್ಕ. ಇವತ್ತು ಈ ಅಚ್ಚಿನ ಚಿತ್ರಕ್ಕೆ ಇನ್ನೊಂದು ಉಪಯೋಗವಿದೆ. ಇದು ಬಹಳ ತೆಳು. ಯಾರಾದರೂ ಸಿಲಿಂಡರ್ ಅನ್ನು ಉಜ್ಜಿ ಪಾಲಿಶ್ ಮಾಡಿದ್ದರೆ ಮೊದಲು ಅಳಿಸಿಹೋಗುವುದು ಹಡಗಿನ ಹಾಯಿ, ಅಲೆಗಳ ಗೆರೆ. ಗನ್ ಎಷ್ಟು ಸವೆದಿದೆ ಅಂತ ಹೇಳುವ ಅಳತೆಗೋಲು ಇದ್ದಹಾಗೆ.

ನಿಜವಾದ ಕೆತ್ತನೆ ಇರುವುದು ಫ್ರೇಮ್ (ಗನ್ನಿನ ನಡುವಿನ ಚೌಕಟ್ಟು), ನಳಿಕೆ, ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ), ಹಿಡಿಯ ಹಿಂಬದಿಯ ಪಟ್ಟಿಗಳ ಮೇಲೆ. ಉಳಿಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಲೋಹವನ್ನು ಎಳೆ ಎಳೆಯಾಗಿ ತೆಗೆಯುತ್ತಾರೆ. ಸುರುಳಿ ಬಳ್ಳಿ, ಎಲೆ, ಬಳ್ಳಿಯ ಹಿಂದಿನ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಒತ್ತಿದ ಹಿನ್ನೆಲೆ. ನಡುವೆ ಎಲ್ಲೋ ಒಂದು ನಾಯಿಯ ತಲೆ, ಹದ್ದಿನ ತಲೆ. ಒಳ್ಳೆಯ ಕೋಲ್ಟ್ ಕೆಲಸದಲ್ಲಿ ನಳಿಕೆಯ ಮೇಲಿನ ವಿಳಾಸವನ್ನೂ ಅಚ್ಚೊತ್ತದೆ ಕೈಯಿಂದಲೇ ಅಲಂಕಾರದ ಅಕ್ಷರದಲ್ಲಿ ಕೆತ್ತಿರುವುದುಂಟು.

ಜರ್ಮನಿಯಿಂದ ಬಂದ ಕೈಗಳು

ಕೌಬಾಯ್ ಕಾಲದ ಗನ್ ಅಂದಕೂಡಲೇ ಟೆಕ್ಸಾಸ್, ಅರಿಜೋನಾ ನೆನಪಾಗುತ್ತವೆ. ಕೆತ್ತನೆ ನಡೆದದ್ದು ಮಾತ್ರ ಪೂರ್ವದ ಮೂರು ಊರುಗಳಲ್ಲಿ: ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್, ಮತ್ತೆ ನ್ಯೂಯಾರ್ಕ್. ಕೆತ್ತಿದವರಲ್ಲಿ ದೊಡ್ಡ ಹೆಸರೆಲ್ಲ ಜರ್ಮನ್ ಮೂಲದ್ದೇ. ಅಲ್ಲಿನ ಬೇಟೆಗನ್ನುಗಳ ಮೇಲಿದ್ದ ಬಳ್ಳಿಗಳೇ ಅಟ್ಲಾಂಟಿಕ್ ದಾಟಿ ಬಂದವು.

ಗುಸ್ತಾವ್ ಯಂಗ್ 1850ರ ದಶಕದಲ್ಲಿ ಕೋಲ್ಟ್ ಕಾರ್ಖಾನೆಯ ಮುಖ್ಯ ಕೆತ್ತನೆಗಾರ. ರಾಜರಿಗೆ ಕೊಡುವ ಗನ್ನುಗಳೆಲ್ಲ ಅವನ ಕೈದಾಟಿಯೇ ಹೋಗಬೇಕಿತ್ತು. ಕೋಲ್ಟ್ ಒಳ್ಳೆ ವ್ಯಾಪಾರಿ. ಕ್ರಿಮಿಯನ್ ಯುದ್ಧದ ಹೊತ್ತಿಗೆ ಚಿನ್ನ ಕೂರಿಸಿದ ಡ್ರಗೂನ್ ಅನ್ನುವ ಮಾದರಿಯ ರಿವಾಲ್ವರ್‌ಗಳನ್ನು ಮಾಡಿಸಿದ. ಒಂದು ರಷ್ಯಾದ ಝಾರ್ ಮೊದಲನೇ ನಿಕೊಲಾಸ್‌ಗೆ ಹೋಯಿತು, ಈಗ ಅಲ್ಲಿನ ಹರ್ಮಿಟಾಜ್ ಮ್ಯೂಸಿಯಂನಲ್ಲಿದೆ. ಅದರ ಜೋಡಿ ಟರ್ಕಿಯ ಸುಲ್ತಾನನ ಹೆಸರಿನಲ್ಲಿ ಪ್ರಸಿದ್ಧವಾಗಿ, ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಜಾರ್ಜ್ ವಾಷಿಂಗ್ಟನ್‌ನ ಮುಖ ಚಿನ್ನದಲ್ಲಿದೆ. ಝಾರ್, ಸುಲ್ತಾನ ಇಬ್ಬರೂ ಆಗ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ನಿಂತವರು! ‘ನಿಮ್ಮ ಎದುರಾಳಿ ಆಗಲೇ ಕೊಂಡಿದ್ದಾನೆ’ ಅಂತ ಇಬ್ಬರಿಗೂ ಹೇಳಿ ಮಾರಿದ ಅನ್ನುವ ಕತೆ ಕೋಲ್ಟ್ ಬಗ್ಗೆ ಓಡಾಡುತ್ತದೆ. ಆ ಮನುಷ್ಯನ ರೀತಿ ನೋಡಿದರೆ ನಂಬಬಹುದು ಅನಿಸುತ್ತದೆ.

ಯಂಗ್ 1869ರಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಸ್ಮಿತ್ ಅಂಡ್ ವೆಸ್ಸನ್ ಕೆಲಸ ಹಿಡಿದ. ಮುಂದೆ ಅವನ ಮಕ್ಕಳೂ ಅದೇ ಕೆಲಸಕ್ಕೆ ನಿಂತರು. ಕೋಲ್ಟ್‌ನಲ್ಲಿ 1871ರಿಂದ 1921ರವರೆಗೆ, ಅಂದರೆ ಅರ್ಧ ಶತಮಾನ, ಕೂನೊ ಹೆಲ್ಫ್ರಿಷ್ಟ್ ಮುಖ್ಯ ಕೆತ್ತನೆಗಾರ. ಇಲ್ಲೊಂದು ಸೂಕ್ಷ್ಮವಿದೆ. ಹೆಲ್ಫ್ರಿಷ್ಟ್ ಒಬ್ಬನೇ ಕೂತು ಎಲ್ಲವನ್ನೂ ಕೆತ್ತಲಿಲ್ಲ. ಕೈಕೆಳಗೆ ಕೆಲಸಗಾರರಿದ್ದರು. ಮಾರುವವರು ‘ಇದು ಹೆಲ್ಫ್ರಿಷ್ಟ್ ಕೆತ್ತಿದ್ದು’ ಅಂದಾಗ ‘ಹೆಲ್ಫ್ರಿಷ್ಟ್ ಶಾಪಿನದು’ ಅಂತ ತಿದ್ದಿಕೊಂಡು ಕೇಳಿಸಿಕೊಳ್ಳುವುದು ವಾಸಿ.

ನನಗೆ ಎಲ್ಲರಿಗಿಂತ ಇಷ್ಟವಾಗುವವನು ನ್ಯೂಯಾರ್ಕ್‌ನ ಎಲ್. ಡಿ. ನಿಮ್ಶ್ಕೆ. ಅವನು ಯಾವ ಕಾರ್ಖಾನೆಯ ನೌಕರನೂ ಅಲ್ಲ. ದೊಡ್ಡ ಗನ್ ವ್ಯಾಪಾರಿಗಳು ಕೋಲ್ಟ್, ರೆಮಿಂಗ್ಟನ್, ವಿಂಚೆಸ್ಟರ್‌ಗಳನ್ನು ಸಾದಾ ತರಿಸಿಕೊಂಡು ಇವನ ಹತ್ತಿರ ಕೆತ್ತಿಸುತ್ತಿದ್ದರು. ಅವನ ಬಳ್ಳಿ ದುಂಡಗೆ, ದೊಡ್ಡದಾಗಿ, ಧಾರಾಳವಾಗಿ ಹರಡುತ್ತದೆ. ಇದನ್ನೇ ನ್ಯೂಯಾರ್ಕ್ ಶೈಲಿ ಅನ್ನುತ್ತಾರೆ. ಇವನಿಗೊಂದು ಅಭ್ಯಾಸವಿತ್ತು. ಕೆಲಸ ಮುಗಿದ ಮೇಲೆ ಕೆತ್ತನೆಗೆ ಮಸಿ ತುಂಬಿ, ಕಾಗದ ಒತ್ತಿ, ಅದರ ಅಚ್ಚು ತೆಗೆದು ಪುಸ್ತಕದಲ್ಲಿ ಅಂಟಿಸಿಕೊಳ್ಳುತ್ತಿದ್ದ. ಆ ಪುಸ್ತಕ ಉಳಿದು ಬಂತು. ಹಾಗಾಗಿ ಇವತ್ತು ಕೈಗೆ ಸಿಕ್ಕ ಗನ್ನಿನ ಬಳ್ಳಿಯನ್ನು ಅವನ ಅಚ್ಚುಗಳ ಪಕ್ಕ ಇಟ್ಟು ನೋಡಬಹುದು. ಸಹಿ ಹಾಕುವುದು ಅಪರೂಪವಾಗಿದ್ದ ಕಸುಬಿನಲ್ಲಿ ಇಂಥ ಸಾಕ್ಷಿ ಸಿಗುವುದು ಬಲು ಅಪರೂಪ.

ಇವನ್ನು ಕೊಂಡವರು ಯಾರು?

ದನ ಕಾಯುವ ಕೂಲಿಯವನಂತೂ ಅಲ್ಲ. ಬ್ಯಾಟ್ ಮಾಸ್ಟರ್‌ಸನ್ ಡಾಜ್ ಸಿಟಿಯ ಹೆಸರಾಂತ ಕಾನೂನುಪಾಲಕ. 1885ರ ಜುಲೈನಲ್ಲಿ ಅಲ್ಲಿನ ಆಪೆರಾ ಹೌಸ್ ಸಲೂನ್‌ನ ಕಾಗದದ ಮೇಲೆ ಕೋಲ್ಟ್ ಕಂಪನಿಗೆ ಪತ್ರ ಬರೆದು ಒಂದು ರಿವಾಲ್ವರ್ ಕೇಳಿದ. ನಿಕಲ್ ಲೇಪ ಇರಲಿ, ಟ್ರಿಗರ್ ಹಗುರವಾಗಿ ಎಳೆಯುವಂತಿರಲಿ, ಗುರಿ ನೋಡುವ ಮುಂದಿನ ಕಡ್ಡಿ ಸ್ವಲ್ಪ ಎತ್ತರ, ಸ್ವಲ್ಪ ದಪ್ಪ ಇರಲಿ. ಆ ಪತ್ರದಲ್ಲಿ ಬಳ್ಳಿಯ ಮಾತೇ ಇಲ್ಲ. ಗನ್ ಬಳಸುವವನು ಕೇಳಿದ್ದು ಇಷ್ಟು.

ಕೆತ್ತಿಸಿದವರ ಪೈಕಿ ಥಿಯೊಡೋರ್ ರೂಸ್‌ವೆಲ್ಟ್ ಒಳ್ಳೆ ಉದಾಹರಣೆ. ನ್ಯೂಯಾರ್ಕ್‌ನ ಶ್ರೀಮಂತ ಹುಡುಗ, 1880ರ ದಶಕದಲ್ಲಿ ಡಕೋಟಾಗೆ ಹೋಗಿ ದನ ಸಾಕುವ ಹುಚ್ಚು ಹಿಡಿಸಿಕೊಂಡ. ಅವನ ಕೋಲ್ಟ್ ಮೇಲೆ ನಿಮ್ಶ್ಕೆ ಬಳ್ಳಿ, ದಂತದ ಹಿಡಿಯ ಮೇಲೆ ಕಾಡೆಮ್ಮೆ ತಲೆ ಮತ್ತು ಅವನ ಹೆಸರಿನ ಅಕ್ಷರಗಳು. ಅದು ಲಾಸ್ ಏಂಜಲೀಸ್‌ನ ಆಟ್ರಿ ಮ್ಯೂಸಿಯಂನಲ್ಲಿದೆ. ಊರಿನವರು ಚಂದಾ ಎತ್ತಿ ಶೆರಿಫ್‌ಗೆ ಕೊಟ್ಟ ಗನ್ನುಗಳಿವೆ. ಪಡೆಯವರು ತಮ್ಮ ಅಧಿಕಾರಿಗೆ ಕೊಟ್ಟವಿವೆ. ಹಾವು ಹಿಡಿದ ಹದ್ದನ್ನು ದಂತದಲ್ಲಿ ಕಡೆದ ಹಿಡಿಗಳಿಗೆ ಮೆಕ್ಸಿಕೋದ ಅಧಿಕಾರಿಗಳಲ್ಲಿ ತುಂಬ ಬೇಡಿಕೆ ಇತ್ತು. ಈ ಶೋಕಿ ಗಡಿನಾಡಿನ ಕಾಲ ಮುಗಿದ ಮೇಲೂ ನಿಲ್ಲಲಿಲ್ಲ. ಎರಡನೇ ಮಹಾಯುದ್ಧದ ಫೋಟೋಗಳಲ್ಲಿ ಜನರಲ್ ಪ್ಯಾಟನ್ ಸೊಂಟದಲ್ಲಿ ಕಾಣುವ ದಂತದ ಹಿಡಿಯ ಕೋಲ್ಟ್ ಅವನು 1916ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಕೊಂಡದ್ದು. ಮಾದರಿ ಮಾತ್ರ ಕೋಲ್ಟ್ ಕಂಪನಿ 1873ರಲ್ಲಿ ಹೊರತಂದ ಹಳೇದೇ.

ನಾಲ್ಕು ಬಗೆ, ನಾಲ್ಕು ಬೆಲೆ

ಈಗ ಗೊಂದಲದ ಜಾಗಕ್ಕೆ ಬರೋಣ. ಒಂದೇ ಮಾದರಿಯ ನಾಲ್ಕು ಕೋಲ್ಟ್‌ಗಳನ್ನು ಮೇಜಿನ ಮೇಲೆ ಇಟ್ಟಿದ್ದಾರೆ ಅಂದುಕೊಳ್ಳಿ. ನಾಲ್ಕೂ ಕೆತ್ತಿದವೇ, ನೋಡಲು ಒಂದೇ ತರ. ಮೊದಲನೆಯದು ಕಾರ್ಖಾನೆಯಲ್ಲೇ ಕೆತ್ತಿ ಹೊರಗೆ ಬಂದದ್ದು. ಎರಡನೆಯದು ಸಾದಾ ಆಗಿ ಹೊರಗೆ ಬಂದು, ಅದೇ ಕಾಲದಲ್ಲಿ ನ್ಯೂಯಾರ್ಕ್ ವ್ಯಾಪಾರಿ ಕೆತ್ತಿಸಿದ್ದು. ಮೂರನೆಯದನ್ನು ಐವತ್ತು ಅರವತ್ತು ವರ್ಷ ಬಿಟ್ಟು ಯಾರೋ ಮಾಲೀಕ ಶೋಕಿಗೆ ಕೆತ್ತಿಸಿಕೊಂಡ, ಅದನ್ನು ಮುಚ್ಚಿಟ್ಟಿಲ್ಲ. ನಾಲ್ಕನೆಯದನ್ನು ಮೊನ್ನೆ ಮೊನ್ನೆ ಕೆತ್ತಿ, ಹಳೇದು ಅಂತ ಮಾರಲು ತಂದಿದ್ದಾರೆ. ಮೊದಲ ಎರಡಕ್ಕೆ ದೊಡ್ಡ ಬೆಲೆ. ಮೂರನೆಯದಕ್ಕೆ ಕೆತ್ತಿದವನ ಹೆಸರಿನ ಮೇಲೆ ಬೆಲೆ. ನಾಲ್ಕನೆಯದಕ್ಕೆ ಆ ಗನ್ ಸಾದಾ ಆಗಿದ್ದಿದ್ದರೆ ಬರುತ್ತಿದ್ದ ಬೆಲೆಯೂ ಬರುವುದಿಲ್ಲ, ಯಾಕೆಂದರೆ ಒಂದು ಅಸಲಿ ವಸ್ತುವನ್ನು ಕೆಡಿಸಿ ಮಾಡಿದ್ದದು. ನಮ್ಮ ಚಿನ್ನದಂಗಡಿಯಲ್ಲಿ ಹಳೇ ಒಡವೆ ಮಾರಲು ಹೋದರೆ ಮಜೂರಿಯನ್ನು ಕಳೆದು ಬರೀ ಚಿನ್ನದ ತೂಕಕ್ಕೆ ದುಡ್ಡು ಕೊಡುತ್ತಾರಲ್ಲ, ಇಲ್ಲಿ ಲೆಕ್ಕ ಉಲ್ಟಾ. ಮಜೂರಿಯೇ ಆಸ್ತಿ, ಅದು ಯಾರ ಮಜೂರಿ ಅಂತ ಗೊತ್ತಿದ್ದರೆ.

ಬೇರ್ಪಡಿಸುವ ಮೊದಲ ದಾರಿ ಕಾಗದ. ಕೋಲ್ಟ್ ಕಂಪನಿಯ ಹಳೇ ಲೆಡ್ಜರ್‌ಗಳಲ್ಲಿ ಸೀರಿಯಲ್ ನಂಬರ್ ಪ್ರಕಾರ ವಿವರ ಬರೆದಿಟ್ಟಿದ್ದಾರೆ. ಶುಲ್ಕ ಕಟ್ಟಿದರೆ ಕಂಪನಿಯ ದಾಖಲೆ ವಿಭಾಗ ಒಂದು ಪತ್ರ ಕೊಡುತ್ತದೆ: ಈ ನಂಬರಿನ ಗನ್ ಯಾವ ದಿನ ಹೊರಟಿತು, ಯಾವ ವ್ಯಾಪಾರಿಗೆ ಹೋಯಿತು, ನಳಿಕೆ ಎಷ್ಟು ಇಂಚು, ಲೇಪ ಯಾವುದು, ಹಿಡಿ ಯಾವುದರದ್ದು, ಕೆತ್ತಿದ್ದೋ ಇಲ್ಲವೋ. ಕೊಂಡುಕೊಳ್ಳುವವರ ಮಾತಿನಲ್ಲಿ ಇದು ‘ಫ್ಯಾಕ್ಟರಿ ಲೆಟರ್’. ಸ್ಮಿತ್ ಅಂಡ್ ವೆಸ್ಸನ್ ಗನ್ನುಗಳಿಗೂ ಇಂಥ ಪತ್ರ ಸಿಗುತ್ತದೆ. ಲೆಡ್ಜರ್‌ನಲ್ಲಿ ‘ಕೆತ್ತಿದ್ದು’ ಅಂತ ಇದ್ದರೆ ಅರ್ಧ ಜಗಳ ಮುಗಿಯಿತು.

ಆದರೆ ಪತ್ರಕ್ಕೂ ಮಿತಿಯಿದೆ. ಯಾರು ಕೆತ್ತಿದ್ದು ಅನ್ನುವುದು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. 1864ರ ಫೆಬ್ರವರಿಯಲ್ಲಿ ಕೋಲ್ಟ್ ಕಾರ್ಖಾನೆಗೆ ದೊಡ್ಡ ಬೆಂಕಿ ಬಿತ್ತು. ಅದಕ್ಕಿಂತ ಹಿಂದಿನ ಗನ್ನುಗಳ ದಾಖಲೆ 1873ರ ಮಾದರಿಗಿರುವಷ್ಟು ಸಿಗುವುದಿಲ್ಲ. ಇನ್ನೊಂದು, ಲೆಡ್ಜರ್‌ನಲ್ಲಿ ಕೆತ್ತನೆಯ ಸುದ್ದಿ ಇಲ್ಲದಿದ್ದರೆ ಅದು ನಕಲಿಯೇ ಆಗಬೇಕಿಲ್ಲ. ಸಾದಾ ಗನ್ ನ್ಯೂಯಾರ್ಕ್‌ನ ಹಾರ್ಟ್ಲಿ ಅಂಡ್ ಗ್ರಹಾಂನಂಥ ವ್ಯಾಪಾರಿಗೆ ಹೋಗಿದೆ, ಮೇಲಿರುವ ಬಳ್ಳಿ ನಿಮ್ಶ್ಕೆಯ ಅಚ್ಚುಗಳಿಗೆ ಹೊಂದುತ್ತದೆ ಅಂದರೆ ಅದು ಎರಡನೇ ಬಗೆಯದು, ಸಂತೋಷಪಡಬಹುದು. ಅದೇ ಗನ್ ಸೈನ್ಯದ ಉಗ್ರಾಣಕ್ಕೆ ಹೋಗಿದೆ ಅಂತ ಲೆಡ್ಜರ್ ಹೇಳಿದರೆ ಕಿವಿ ನೆಟ್ಟಗಾಗಬೇಕು.

ಪತ್ರ ಗನ್ನಿನ ನಂಬರಿಗೆ ಸಂಬಂಧಿಸಿದ್ದು, ಕೈಯಲ್ಲಿರುವ ಲೋಹಕ್ಕಲ್ಲ ಅನ್ನುವುದೂ ನೆನಪಿರಲಿ. ಕೆತ್ತಿದ್ದು ಅಂತ ದಾಖಲೆಯಿರುವ ನಂಬರನ್ನು ಬೇರೆ ಗನ್ನಿಗೆ ಹೊಡೆದ ಕಿಲಾಡಿಗಳೂ ಇದ್ದಾರೆ. ಅದಕ್ಕೇ ಬೇರೆ ಬೇರೆ ಭಾಗಗಳ ನಂಬರ್ ಹೊಂದುತ್ತದೆಯಾ, ಅಂಕಿಗಳ ಆಕಾರ ಆ ಕಾಲದ್ದೇನಾ ಅಂತ ಭೂತಗನ್ನಡಿ ಹಿಡಿದು ನೋಡುತ್ತಾರೆ.

ಲೋಹ ಹೇಳುವ ಸಾಕ್ಷಿ

ಕಾಗದ ಸುಮ್ಮನಾದಾಗ ಲೋಹವನ್ನು ಕೇಳಬೇಕು. ಇದಕ್ಕೆ ಕೆಲಸದ ಕ್ರಮ ಗೊತ್ತಿರಬೇಕು. ಕಾರ್ಖಾನೆಯಲ್ಲಿ ಭಾಗಗಳನ್ನು ಮೊದಲು ನಯ ಮಾಡುತ್ತಿದ್ದರು. ಲೋಹ ಇನ್ನೂ ಮೆತ್ತಗಿರುವಾಗಲೇ ಕೆತ್ತುತ್ತಿದ್ದರು. ಆಮೇಲೆ ಕೊನೆಯ ಲೇಪ: ನೀಲಿ ಬಣ್ಣ, ನಿಕಲ್, ಬೆಳ್ಳಿ ಅಥವಾ ಚಿನ್ನ. ಸಾದಾ ಕೋಲ್ಟ್‌ನ ಫ್ರೇಮ್‌ಗಾದರೆ ಮೂಳೆ ಮತ್ತು ಇದ್ದಿಲ ಪುಡಿಯಲ್ಲಿ ಹುದುಗಿಸಿ ಕಾಯಿಸಿ, ನೀರಿಗೆ ಅದ್ದಿ ಹೊರಮೈಯನ್ನು ಗಟ್ಟಿ ಮಾಡುತ್ತಿದ್ದರು. ಮೋಡದಂಥ ನೀಲಿ-ಕಂದು ಬಣ್ಣ ಬರುವುದು ಇದರಿಂದಲೇ.

ಕ್ರಮ ಗೊತ್ತಿದ್ದರೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಲೇಪ ಕೆತ್ತನೆಯ ಗೆರೆಯ ಒಳಗೂ ಇಳಿದಿದೆಯಾ, ಇಲ್ಲ ಗೆರೆ ಲೇಪವನ್ನು ಸೀಳಿಕೊಂಡು ಹೋಗಿದೆಯಾ? ಸೀಳಿದ್ದರೆ ಕೆತ್ತನೆ ಆಮೇಲಿನದು. ತುಕ್ಕು ತಿಂದ ಗುಳಿಯ ಮೇಲೆ ಉಳಿ ಹಾದುಹೋಗಿದೆಯಾ? ಹಾಗಾದರೆ ತುಕ್ಕು ಹಿಡಿದ ಮೇಲೆ ಯಾರೋ ಕೆತ್ತಿದ್ದಾರೆ. ಅಸಲಿಯಲ್ಲಿ ಗುಳಿಯೇ ಬಳ್ಳಿಯನ್ನು ತಿಂದಿರುತ್ತದೆ.

ಸವೆತವೂ ಹಾಗೆಯೇ. ಸೊಂಟದ ಚರ್ಮದ ಚೀಲಕ್ಕೆ ಹಾಕಿ ತೆಗೆದು ಮಾಡಿದ ಗನ್ ನಳಿಕೆಯ ತುದಿ, ಸಿಲಿಂಡರಿನ ಅಂಚು, ಹಿಡಿಯ ಪಟ್ಟಿಯಲ್ಲಿ ಮೊದಲು ಸವೆಯುತ್ತದೆ. ಅಲ್ಲಿ ಬಳ್ಳಿ ಮಾಸಿ, ಟ್ರಿಗರ್ ಗಾರ್ಡ್‌ನ ಸಂದಿಯಲ್ಲಿ ಚೂಪಾಗಿ ಉಳಿದಿರಬೇಕು. ನಳಿಕೆಯ ತುದಿ ದುಂಡಗಾಗಿ ಸವೆದಿದೆ, ಬಳ್ಳಿ ಮಾತ್ರ ನಿನ್ನೆ ಕೆತ್ತಿದಷ್ಟು ಚೂಪಾಗಿದೆ ಅಂದರೆ ಅದು ನಿನ್ನೆ ಕೆತ್ತಿದ್ದೇ ಇರಬೇಕು. ಹಳೇ ಗನ್ನನ್ನು ಉಜ್ಜಿ ಹೊಸದು ಮಾಡಿ ಆಮೇಲೆ ಕೆತ್ತುವವರೂ ಇದ್ದಾರೆ. ಉಜ್ಜಿದಾಗ ಸ್ಕ್ರೂ ತೂತುಗಳ ಅಂಚು ತಟ್ಟೆಯಂತೆ ತಗ್ಗಾಗುತ್ತದೆ. ಅಚ್ಚೊತ್ತಿದ ಅಕ್ಷರಗಳು ಒಂದು ಬದಿ ಮಂಕಾಗುತ್ತವೆ. ಚಪ್ಪಟೆ ಮೈಗಳ ಮೂಲೆ ಮೊಂಡಾಗುತ್ತದೆ. ಇವನ್ನು ವಾಪಸ್ ತರಲು ಆಗುವುದಿಲ್ಲ.

ಇದೇ ಕಾರಣಕ್ಕೆ ಹಳೇ ಗನ್ ಕೈಗೆ ಬಂದರೆ ದಯವಿಟ್ಟು ತಿಕ್ಕಬೇಡಿ. ಬೆಲೆ ಕಟ್ಟುವವರು ಮೊದಲು ನೋಡುವುದು ಮೂಲ ಲೇಪ ಶೇಕಡಾ ಎಷ್ಟು ಉಳಿದಿದೆ ಅಂತ. ಫಳಫಳ ಹೊಳೆಯಲಿ ಅಂತ ಮರಳುಕಾಗದ ಹಿಡಿದು ಕೂತ ಒಂದು ಭಾನುವಾರ ಮಧ್ಯಾಹ್ನದಲ್ಲಿ ಬೆಲೆಯ ದೊಡ್ಡ ಪಾಲು ಹೋಗಿಬಿಡುತ್ತದೆ.

ಹಿಡಿಯ ಮೇಲಿನ ಹೆಸರನ್ನಂತೂ ಕೊನೆಗೆ ನಂಬಿ. ‘ಇಂಥವರಿಗೆ ಇಂಥವರಿಂದ’ ಅನ್ನುವ ಒಂದು ಸಾಲು ಕೆತ್ತಲು ಅರ್ಧ ದಿನವೂ ಬೇಡ, ಬೆಲೆ ಮಾತ್ರ ಹತ್ತುಪಟ್ಟು ಏರಿಸಬಹುದು. ಗ್ಯಾರೆಟ್‌ನ ಸಾದಾ ಕೋಲ್ಟ್‌ಗೆ ಅಷ್ಟು ಬೆಲೆ ಬಂದದ್ದು ಅದರ ಜೊತೆ ಬಂದ ದಾಖಲೆಯಿಂದ. ಎಲ್ ಪಾಸೊದ ಒಂದು ಸಲೂನ್‌ನಲ್ಲಿ ಇದ್ದ ಆ ಗನ್ನನ್ನು ಅವನ ಹೆಂಡತಿ ಕೋರ್ಟಿಗೆ ಹೋಗಿ ಬಿಡಿಸಿಕೊಂಡಿದ್ದಳು. ಕೋರ್ಟಿನ ಕಡತಕ್ಕಿಂತ ಒಳ್ಳೆ ಸಾಕ್ಷಿ ಇನ್ನೇನು ಬೇಕು?

ಕಾನೂನು, ದಂತ ಮತ್ತು ನಾವು

ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898 ಒಂದು ಗೆರೆ. ಆ ವರ್ಷ ಅಥವಾ ಅದಕ್ಕೂ ಮೊದಲು ತಯಾರಾದದ್ದು ‘ಆಂಟಿಕ್’, ಮಾಮೂಲಿ ಬಂದೂಕಿನ ನಿಯಮಗಳು ಅದಕ್ಕೆ ತಗಲುವುದಿಲ್ಲ. ಕೋಲ್ಟ್‌ನ 1873ರ ಮಾದರಿ ಎರಡನೇ ಮಹಾಯುದ್ಧದ ಹೊತ್ತಿನವರೆಗೂ ತಯಾರಾಗುತ್ತಲೇ ಇತ್ತು. ಹಾಗಾಗಿ ಒಂದೇ ತರ ಕಾಣುವ ಎರಡು ಗನ್ನುಗಳಲ್ಲಿ ಒಂದು ಆಂಟಿಕ್, ಇನ್ನೊಂದು ಇವತ್ತಿನ ಬಂದೂಕಿನ ಲೆಕ್ಕ. ಸೀರಿಯಲ್ ನಂಬರ್ ನೋಡಿಯೇ ತಿಳಿಯಬೇಕು. ಕೆಲವು ರಾಜ್ಯಗಳಲ್ಲಿ ನಿಯಮ ಇನ್ನೂ ಬಿಗಿ. ಕೆಲಸದ ವೀಸಾದಲ್ಲಿರುವ ನಮ್ಮವರು ಇದನ್ನು ಗಮನದಲ್ಲಿಡಬೇಕು. ಮಾಮೂಲಿ ಬಂದೂಕು ಇಟ್ಟುಕೊಳ್ಳಲು ಅವರಿಗೆ ಅಲ್ಲಿ ಸಾಮಾನ್ಯವಾಗಿ ಅನುಮತಿ ಇಲ್ಲ, ಕೆಲವು ವಿನಾಯಿತಿಗಳು ಮಾತ್ರ ಇವೆ. ನಂಬರ್ ತಪ್ಪಿ ಓದಿದರೆ ಅದು ಬರೀ ದುಡ್ಡಿನ ನಷ್ಟವಲ್ಲ.

ಊರಿಗೆ ತರುತ್ತೇನೆ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಡುವುದು ಒಳ್ಳೆಯದು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಳೇ ಕಾಲದ ಆಯುಧಕ್ಕೆ ವಿನಾಯಿತಿ ಇದೆ ನಿಜ. ಆದರೆ ರಿಪೇರಿ ಮಾಡಿದರೂ ಹಾರಿಸಲು ಆಗದಂಥ ಆಯುಧಕ್ಕೆ ಮಾತ್ರ. ಕೂಡಿಡುವವರು ಹುಡುಕುವುದು ಕೆಲಸ ಮಾಡುವ ಸ್ಥಿತಿಯಲ್ಲಿರುವ ಗನ್ನನ್ನೇ ಆದ್ದರಿಂದ ಅದು ನಮ್ಮಲ್ಲಿ ಆಯುಧವೇ.

ಇನ್ನು ದಂತದ ಹಿಡಿ. ಅಸಲಿ ದಂತದ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳು ಕಾಣುತ್ತವೆ. ಮೂಳೆಯಲ್ಲಿ ಕಾಣುವುದು ಕಪ್ಪು ಚುಕ್ಕಿಗಳು. ಸೆಲ್ಯುಲಾಯ್ಡ್‌ನಲ್ಲಿ ಇವೆರಡೂ ಇರುವುದಿಲ್ಲ. ಅಸಲಿ ಆದಷ್ಟೂ ತೊಂದರೆ ಜಾಸ್ತಿ. ಅಮೆರಿಕ 2016ರಲ್ಲಿ ಆಫ್ರಿಕಾ ಆನೆಯ ದಂತದ ವ್ಯಾಪಾರವನ್ನು ಹೆಚ್ಚುಕಮ್ಮಿ ಪೂರ್ತಿ ನಿಲ್ಲಿಸಿತು. ನೂರು ವರ್ಷ ದಾಟಿದ ಹಳೇ ವಸ್ತುಗಳಿಗೆ ವಿನಾಯಿತಿ ಇದೆ, ಆದರೆ ಅಷ್ಟು ಹಳೇದು ಅಂತ ತೋರಿಸುವ ಹೊಣೆ ಮಾರುವವನದು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳು ತಮ್ಮದೇ ಬೇರೆ ಕಾನೂನು ಮಾಡಿಕೊಂಡಿವೆ. ದೇಶದಿಂದ ದೇಶಕ್ಕೆ ಸಾಗಿಸಲು ಬೇರೆ ಪರವಾನಗಿ ಬೇಕು. ಲೆಡ್ಜರ್‌ನಲ್ಲಿ ‘ದಂತದ ಹಿಡಿ’ ಅಂತ ದಾಖಲಾಗಿರುವ ಫ್ಯಾಕ್ಟರಿ ಲೆಟರ್ ಇದ್ದರೆ ಇಲ್ಲೂ ಅದು ಕೆಲಸಕ್ಕೆ ಬರುತ್ತದೆ: ಗನ್ ಹೊರಟ ತಾರೀಖೇ ದಂತದ ವಯಸ್ಸಿಗೂ ಆಧಾರ.